ಓಣಿ, ಅಗಸಿ, ಕಟ್ಟೆ

ಕೊಪ್ಪಳ ಜಿಲ್ಲೆಯ ಆನೆಗೊಂದಿಯನ್ನು ಬೆಳಗಿನ ಹೊತ್ತು ನೋಡಬೇಕು, ನಡೆದು ನೋಡಬೇಕು. ತುಂಗಭದ್ರೆಯ ದಡದಿಂದ ಅಗಸಿ ದಾಟಿ ಒಳಗೆ ಬಂದರೆ ಆಗಷ್ಟೇ ಥಳಿ ಹೊಡೆದ ನೆಲದ ವಾಸನೆ ಎದುರಾಗುತ್ತದೆ. ಬಾಗಿಲ ಮುಂದೆ ರಂಗೋಲಿ ಇನ್ನೂ ಹಸಿ. ಕಲ್ಲಿನ ತಳಪಾಯ, ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಹೊರಗೊಂದು ಕಟ್ಟೆ. ಹಳೆಯ ಮನೆಗಳು ಒಂದಕ್ಕೊಂದು ಭುಜ ಆನಿಸಿ ನಿಂತಿರುವುದರಿಂದ ಓಣಿಯ ಒಂದು ಮಗ್ಗುಲಿಗಾದರೂ ನೆರಳು ತಪ್ಪುವುದಿಲ್ಲ. ಬಿಸಿಲು ಏರಿದಂತೆ ನಡೆಯುವವರೂ ನೆರಳಿನ ಜೊತೆಗೇ ಮಗ್ಗುಲು ಬದಲಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಆ ಒಂದು ಗೇಣು ನೆರಳಿನ ಬೆಲೆ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಕಟ್ಟೆ. ಅದು ಮನೆಯವರದೂ ಹೌದು, ಓಣಿಯದೂ ಹೌದು. ಮುದುಕರು ಅಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾರೆ, ಹೆಣ್ಣುಮಕ್ಕಳು ಕಾಳು ಹಸನು ಮಾಡುತ್ತಾರೆ, ಶಾಲೆಯಿಂದ ಬಂದ ಹುಡುಗರು ಪಾಟಿಚೀಲ ಒಗೆದು ಆಟಕ್ಕೆ ಓಡುತ್ತಾರೆ. ದಾರಿಹೋಕನನ್ನು ಕಂಡರೆ "ಎಲ್ಲಿಗೆ ಹೊಂಟ್ರಿ? ಬರ್ರಿ, ಕುಂದ್ರಿ" ಎಂಬ ಮಾತು ತಾನಾಗಿ ಬರುತ್ತದೆ. ಎರಡಡಿ ಎತ್ತರದ ಆ ಕಲ್ಲಿನ ಮೇಲೆ ಕೂತವರು ಇಡೀ ಓಣಿಯನ್ನು ಕಾಯುತ್ತಿರುತ್ತಾರೆ, ಕಾಯುತ್ತಿದ್ದೇವೆಂಬ ಅರಿವೂ ಇಲ್ಲದೆ. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲಿ ಪುಸ್ತಕ ಬರೆದು, ಬೀದಿಯನ್ನು ಸುರಕ್ಷಿತವಾಗಿ ಇಡುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲೇ ಬದುಕುವವರ ಕಣ್ಣು ಎಂದು ತನ್ನ ದೇಶದ ಯೋಜಕರಿಗೆ ತಿಳಿಹೇಳಿದಳು. ಆನೆಗೊಂದಿಯ ಅಜ್ಜಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಓಣಿ ಹಿಡಿದು ನಡೆದರೆ ಊರ ನಡುವಿನ ಬಯಲು. ಅಲ್ಲಿ ರಂಗನಾಥನ ಗುಡಿ, ಗಗನ ಮಹಲ್. ವಿಜಯನಗರಕ್ಕಿಂತ ಹಿಂದಿನ ರಾಜಧಾನಿಯ ಗುರುತು ಹೊತ್ತ ಈ ಊರಿನಲ್ಲಿ ಗುಡಿಯೂ ಅರಮನೆಯೂ ಚಹಾದಂಗಡಿಯೂ ಒಂದೇ ಬಯಲನ್ನು ಹಂಚಿಕೊಂಡಿವೆ. ಇಂಥ ಊರು ಹಾಗೇ ಉಳಿದದ್ದು ತಾನಾಗಿ ಅಲ್ಲ. ಕಲಾವಿದೆ ಶಮಾ ಪವಾರ್ 1997ರಲ್ಲಿ ಇಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಬಳಕೆಗೆ ತಂದಿತು. ಬಾಳೆಗೊನೆ ಕಡಿದ ಮೇಲೆ ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ದಿಂಡಿನಿಂದ ನಾರು ತೆಗೆದು ಹೆಣೆಯುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿತು. ಆ ಕೆಲಸಕ್ಕೆ ಬಸ್ಸು ಹತ್ತಿ ಗಂಗಾವತಿಗೆ ಹೋಗಬೇಕಿಲ್ಲ, ಮನೆಯಿಂದ ನಡೆದು ಬಂದರೆ ಸಾಕು. ಪರಂಪರೆಯ ಮಾತಾಡುವಾಗ ನಾವು ಕಲ್ಲಿನ ಕಂಬಗಳನ್ನು ಎಣಿಸುತ್ತೇವೆ. ನಡೆದು ಹೋಗುವಷ್ಟು ಹತ್ತಿರದ ದುಡಿಮೆಯೂ ಪರಂಪರೆಯೇ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಚಿತ್ರಗಾರರ ಓಣಿಯಲ್ಲಿ ಮನೆಯೇ ಕಾರ್ಖಾನೆ. ಹಗುರವಾದ ಪೊಳಕಿ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಜೋಡಿಸಿದ ಅಂಗಗಳ ಸಂದು ಕಾಣದಂತೆ ಕಿಟ್ಟ ಮೆತ್ತಿ, ಬಣ್ಣ ಹಚ್ಚಿ ಒಣಗಲು ಇಟ್ಟ ಗೊಂಬೆಗಳನ್ನು ದಾರಿಯಲ್ಲಿ ಹೋಗುವವನೂ ನಿಂತು ನೋಡಬಹುದು. ಬಾಗಿಲು ತೆರೆದೇ ಇರುತ್ತದೆ. ವಾಸದ ಜಾಗ ಬೇರೆ, ಉದ್ಯಮದ ಜಾಗ ಬೇರೆ ಎಂದು ನಕ್ಷೆಗೆ ಎರಡು ಬಣ್ಣ ಬಳಿಯುವ ಪದ್ಧತಿ ಈ ಓಣಿಯ ಮೇಲೆ ಬಿದ್ದರೆ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಲೆಗೆ ನಿಲ್ಲಲು ನೆಲೆ ಎಲ್ಲಿ?

ಕೊಪ್ಪಳ ಹಳೆಯ ಊರು. ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಆದರೆ ಈ ಊರು ತನ್ನ ಪೂರ್ಣ ಚೆಲುವಿನಲ್ಲಿ ಕಾಣುವುದು ಗವಿಸಿದ್ಧೇಶ್ವರ ಜಾತ್ರೆಯಲ್ಲಿ. ಆಗ ರಸ್ತೆಗಳೆಲ್ಲ ಕಾಲ್ನಡಿಗೆಯವರದು. ಹಳ್ಳಿ ಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ, ಮಾದಲಿ ಮಹಾದಾಸೋಹಕ್ಕೆ ಬಂದು ಬೀಳುತ್ತವೆ. ಲಕ್ಷಾಂತರ ಮಂದಿ ಕೂತು ಉಣ್ಣುತ್ತಾರೆ. ಮುದುಕಿಯರು, ಮಕ್ಕಳನ್ನು ಹೆಗಲಿಗೇರಿಸಿಕೊಂಡ ತಂದೆಯರು ರಸ್ತೆಯ ನಟ್ಟನಡುವೆ ಅಳುಕಿಲ್ಲದೆ ನಡೆಯುವ ಆ ನೋಟ ಯಾವ ನಗರ ಯೋಜನೆಯ ಚಿತ್ರಕ್ಕಿಂತಲೂ ಸುಂದರ. ಜಾತ್ರೆ ಮುಗಿದ ಮರುವಾರ ಅದೇ ಮುದುಕಿ ಹೆದ್ದಾರಿ ದಾಟಲು ಲಾರಿಗಳಿಗೆ ಅಂಜಿ ನಿಂತಿರುತ್ತಾಳೆ. ಇದು ನನ್ನನ್ನು ಕಾಡುತ್ತದೆ.

ಈ ಜನಕ್ಕೆ ಕೂಡಿ ಕೆಲಸ ಮಾಡುವುದು ಹೊಸದಲ್ಲ. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳಕ್ಕೆ ಇಳಿದು ಹೂಳು, ಮುಳ್ಳುಕಂಟಿ ತೆಗೆದರು. ಕುಷ್ಟಗಿಯ ನಿಡಶೇಸಿ ಕೆರೆಗೂ ಜನ ಹೀಗೆಯೇ ಕೈಹಚ್ಚಿದರು. ಹಳ್ಳವನ್ನೇ ಹಸನು ಮಾಡಿದವರಿಗೆ ತಮ್ಮ ಓಣಿಗೊಂದು ನೆರಳಿನ ಕಾಲುದಾರಿ ಮಾಡಿಕೊಳ್ಳುವುದು ಕಷ್ಟವೇ?

ಬದಲಾವಣೆ ನಿಂತು ಕಾಯುವುದಿಲ್ಲ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. 2025ರ ಮೇ ತಿಂಗಳಲ್ಲಿ ರೈಲು ಯಲಬುರ್ಗಾ ದಾಟಿ ಕುಷ್ಟಗಿ ಮುಟ್ಟಿತು. ಎರೆಹೊಲಗಳಲ್ಲಿ ಕಲ್ಲು ನೆಟ್ಟು ನಿವೇಶನ ಗುರುತಿಸುವುದು ಈಗ ಎಲ್ಲ ಕಡೆಯ ನೋಟ. ಆ ಬಡಾವಣೆಗಳಲ್ಲಿ ಮೂವತ್ತಡಿ ರಸ್ತೆಯಿದೆ, ಬೇವಿನ ಮರವಿಲ್ಲ. ಕಂಪೌಂಡಿದೆ, ಕಟ್ಟೆಯಿಲ್ಲ. ಹಾಲಿಗೂ ಹಿಟ್ಟಿನ ಗಿರಣಿಗೂ ಬೈಕು ತೆಗೆಯಬೇಕು. ಸಿಂದರು ಆಳಿದ ಎರಂಬರಗೆ ಇಂದಿನ ಯಲಬುರ್ಗಾ. ಅಂಥ ಊರಿನ ಪಕ್ಕದಲ್ಲೇ ನಡೆಯಲು ಬಾರದ ಬಡಾವಣೆ ಕಟ್ಟುವುದು ಅಲ್ಲಿನ ಹಳೆಯ ಓಣಿಗಳಿಂದ ನಾವು ಏನನ್ನೂ ಕಲಿಯದ್ದಕ್ಕೆ ಸಾಕ್ಷಿ.

ಇದನ್ನು ತಿದ್ದುವ ದಾರಿಗಳು ಕಾನೂನಿನಲ್ಲೇ ಇವೆ. ನಮ್ಮ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಜೇಕಬ್ಸ್ ಪುಸ್ತಕದಂತೆ 1961ರದೇ. ಊರಿನ ಮಹಾಯೋಜನೆ ಅಂತಿಮವಾಗುವ ಮುನ್ನ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕೆಂದು ಅದು ಹೇಳುತ್ತದೆ. ಬೀದಿ ಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು; ಎಂದರೆ ಮಿರ್ಚಿ ಭಜಿ ಮಾರುವವನಿಗೂ ಕಾಯಿಪಲ್ಲೆ ಮಾರುವ ಅಕ್ಕನಿಗೂ ರಸ್ತೆಯ ಬಗ್ಗೆ ಮಾತಾಡುವ ಹಕ್ಕಿದೆ.

ಕೊಪ್ಪಳ, ಗಂಗಾವತಿಯ ನಗರಸಭೆಗಳವರೇ, ಕುಷ್ಟಗಿ, ಯಲಬುರ್ಗಾದ ಹಿರಿಯರೇ, ಮುಂದಿನ ನಕ್ಷೆ ಬರೆಯುವ ಮೊದಲು ಒಮ್ಮೆ ನಿಮ್ಮ ಹಳೆಯ ಓಣಿಗಳಲ್ಲಿ ಚಪ್ಪಲಿ ಮೆಟ್ಟಿ ನಡೆಯಿರಿ. ನೆರಳು ಎಲ್ಲಿ ಬೀಳುತ್ತದೆ, ಮುದುಕರು ಎಲ್ಲಿ ಕೂಡುತ್ತಾರೆ, ಮಕ್ಕಳು ಯಾವ ಸಂದಿಯಿಂದ ಶಾಲೆಗೆ ಹೋಗುತ್ತಾರೆ ಎಂದು ಬರೆದುಕೊಳ್ಳಿರಿ. ಓದುಗರೇ, ಕರಡು ನಕ್ಷೆ ಪ್ರಕಟವಾದ ದಿನ ಓಣಿಯವರೆಲ್ಲ ಕೂಡಿ ಹೋಗಿ ನೋಡಿರಿ, ಬೇಕಾದ್ದನ್ನು ಬರೆದು ಕೊಡಿರಿ, ಸ್ವೀಕೃತಿ ಪಡೆದು ಬನ್ನಿರಿ.