ವಕೀಲರಿಲ್ಲದ ಅರ್ಜಿ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸೋಲುತ್ತದೆ

2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಜಿಎಫ್‌ನ ಕಾರ್ಮಿಕ ಕುಟುಂಬಗಳ ಪಾಲಿಗೆ ಉಳಿದದ್ದು ಕಾಗದಪತ್ರಗಳ ಓಡಾಟ. ಗ್ರಾಚ್ಯುಟಿ, ಭವಿಷ್ಯನಿಧಿ, ಕುಟುಂಬ ಪಿಂಚಣಿ, ವಾಸದ ಮನೆ, ಹೀಗೆ ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಕಚೇರಿ. ಫೀಸು ಹೊಂದಿಸಲಾಗದವರು ತಾವೇ ಬರೆದು ಸಲ್ಲಿಸುವುದು ಇಂಥ ಊರಿನಲ್ಲಿ ಸಹಜ. ನಾನು ಈ ರೂಢಿಯ ಪರ. ಆದರೆ ಕಣ್ಣುಮುಚ್ಚಿ ಅಲ್ಲ.

ಕಾನೂನು ಇದಕ್ಕೆ ಅಡ್ಡಿಯಲ್ಲ. ಗ್ರಾಹಕ ಆಯೋಗದಲ್ಲಿ ದೂರುದಾರರೇ ವಾದಿಸಬಹುದು. ಸರಕಿಗೋ ಸೇವೆಗೋ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ, ನ್ಯಾಯಾಲಯದ ವಿವೇಚನೆ. ಮಾಹಿತಿ ಹಕ್ಕಿನ ಅರ್ಜಿಗಂತೂ ಬಿಳಿ ಹಾಳೆ, 10 ರೂಪಾಯಿ ಸಾಕು.

ಎಡವುವುದು ಬರವಣಿಗೆಯಲ್ಲಿ. ಗ್ರಾಚ್ಯುಟಿ ಅರ್ಜಿಯನ್ನೇ ನೋಡಿ. ಗಣಿಯೊಳಗಿನ ಧೂಳು, ಕಾಯಿಲೆ, ಮನೆಯ ಬಡತನ ಎರಡು ಪುಟ ತುಂಬುತ್ತವೆ, ಎಲ್ಲವೂ ನಿಜ. ಆದರೆ ಅಧಿಕಾರಿ ಹುಡುಕುವುದು ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಕೇಳುವ ಮೊತ್ತ. 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ಸರಳ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಸಂಬಳ 5,200, ಸೇವೆ 20 ವರ್ಷ ಎಂದಿಟ್ಟುಕೊಂಡರೆ 60,000 ರೂಪಾಯಿ. ಈ ಒಂದು ಸಾಲು ಆ ಎರಡು ಪುಟಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಯಾರ ಮುಂದೆ ಸಲ್ಲಿಸಬೇಕು ಎಂಬುದು ಇನ್ನೂ ದೊಡ್ಡ ತೊಡಕು. ಆ ಕಾಯ್ದೆಯಲ್ಲಿ ಗಣಿಯ ವಿಷಯ ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಹಾಗಾಗಿ ರಾಜ್ಯದ ಕಾರ್ಮಿಕ ಇಲಾಖೆಗೆ ಕೊಟ್ಟ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ, ಅಷ್ಟರಲ್ಲಿ ಗಡುವೂ ದಾಟಿರುತ್ತದೆ. ಮನೆಮಾತು ತಮಿಳೋ ತೆಲುಗೋ ಆಗಿರುವ ಎಷ್ಟೋ ಹಿರಿಯರು ಟೈಪಿಸ್ಟ್ ಕೊಟ್ಟ ಕನ್ನಡದ ಅಥವಾ ಇಂಗ್ಲಿಷಿನ ಹಾಳೆಗೆ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತುವುದು ನನ್ನನ್ನು ತುಂಬ ಕಾಡುತ್ತದೆ. ಪ್ರಮಾಣಪತ್ರದಲ್ಲಿ ಸುಳ್ಳು ಸೇರಿದ್ದರೆ ಉತ್ತರ ಹೇಳಬೇಕಾದವರು ಸಹಿ ಹಾಕಿದವರೇ.

ಬಂಗಾರಪೇಟೆ ಕಡೆಯ ಜಮೀನು ವ್ಯಾಜ್ಯದ ಮಾತು ಬೇರೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ. ಸಾಕ್ಷಿಯ ಪಾಟೀಸವಾಲು, ದಾಖಲೆಗಳನ್ನು ಗುರುತಿಸುವ ಕ್ರಮ, ಕಾಲಮಿತಿಯ ಆಕ್ಷೇಪ, ಇವೆಲ್ಲ ಅನುಭವ ಬೇಡುವ ಕೆಲಸ. ಸಮನ್ಸ್ ಬಂದ 30 ದಿನದೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಇಲ್ಲಿ ಒಬ್ಬರೇ ನಿಲ್ಲುವುದು ಧೈರ್ಯವಲ್ಲ, ಅಪಾಯ.

ಹಾಗೆಂದು ಸಾಲ ಮಾಡಿ ವಕೀಲರನ್ನು ಹಿಡಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರನ್ನೂ ಹೆಸರಿಸಿ ಉಚಿತ ವಕೀಲರ ನೆರವು ಕೊಟ್ಟಿದೆ; ಇವರಿಗೆ ಆದಾಯದ ಮಿತಿಯಿಲ್ಲ. ಗಣಿ ಕಾರ್ಮಿಕರ ಊರಿಗೆ ಇದಕ್ಕಿಂತ ಹೊಂದುವ ಕಲಂ ಇನ್ನೊಂದಿಲ್ಲ.

ನೀವೇ ಅರ್ಜಿ ಕೊಡುವುದಾದರೆ ಅಸಲು ದಾಖಲೆ ಬಿಟ್ಟುಕೊಡಬೇಡಿ, ನಕಲು ಲಗತ್ತಿಸಿ. ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರುವುದಾದರೆ ಮೊದಲು ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಸಹಾಯವಾಣಿ 15100, ಕರೆ ಉಚಿತ.