ಬೆಳ್ಳಿಯ ಮೇಲಿನ ಅಂಕಿತ: ಆರಂಭಕಾಲದ ಅಮೆರಿಕದ ಅಕ್ಕಸಾಲಿಗರು ಮತ್ತು ಕರ್ತೃತ್ವದ ಪ್ರಶ್ನೆ

ಅಮೆರಿಕದ ವಸಾಹತು ಕಾಲದ ಬೆಳ್ಳಿಯ ಪಾತ್ರೆಗಳನ್ನು ಕುರಿತು ಒಂದು ಶತಮಾನಕ್ಕೂ ಮಿಗಿಲಾಗಿ ಬೆಳೆದುಬಂದಿರುವ ಪಾಂಡಿತ್ಯವು ಬಹುಮಟ್ಟಿಗೆ ಒಂದು ಚಿಕ್ಕ ಗುರುತಿನ ಮೇಲೆ ನಿಂತಿದೆ. ಪಾತ್ರೆಯ ತಳದಲ್ಲಿ ಅಥವಾ ಹಿಡಿಕೆಯ ಬದಿಯಲ್ಲಿ ಉಕ್ಕಿನ ಅಚ್ಚಿನಿಂದ ಒತ್ತಿದ ಎರಡು ಅಕ್ಷರಗಳು, ಇಲ್ಲವೆ ಒಂದು ಮನೆತನದ ಹೆಸರು: ಇದಿಷ್ಟೇ ಆ ಗುರುತು. ಇದನ್ನು ಓದಿ ಕಾಲವನ್ನೂ ಊರನ್ನೂ ಕರ್ತೃವನ್ನೂ ನಿರ್ಣಯಿಸುವ ಪದ್ಧತಿ ಸಂಗ್ರಾಹಕರಲ್ಲಿ ಹುಟ್ಟಿ, ವಸ್ತುಸಂಗ್ರಹಾಲಯಗಳಲ್ಲಿ ಬಲಗೊಂಡು, ಕೊನೆಗೆ ವಿದ್ವತ್ ಗ್ರಂಥಗಳ ಚೌಕಟ್ಟೇ ಆಯಿತು. ಕನ್ನಡ ಸಂಶೋಧಕರಿಗೆ ಈ ಸಮಸ್ಯೆ ಅಪರಿಚಿತವಲ್ಲ. ವಚನದ ಕೊನೆಯಲ್ಲಿ ಬರುವ ಅಂಕಿತವೊಂದೇ ಆ ವಚನದ ಕರ್ತೃವನ್ನು ಸಿದ್ಧಪಡಿಸಲಾರದೆಂಬ ಎಚ್ಚರ ನಮ್ಮಲ್ಲಿ ಹಸ್ತಪ್ರತಿ ಸಂಪಾದನೆಯ ಮೊದಲ ಪಾಠವೇ ಆಗಿದೆ. ಬೆಳ್ಳಿಯ ಅಂಕಿತದ ವಿಷಯದಲ್ಲಿ ಅಂಥದೇ ಎಚ್ಚರ ಬಹಳ ತಡವಾಗಿ ಮೂಡಿತು; ಮೂಡಿದ ಮೇಲೂ ಅದರ ಫಲವನ್ನು ಪೂರ್ತಿಯಾಗಿ ಪಡೆದುಕೊಳ್ಳಲಾಗಿಲ್ಲವೆಂಬುದು ಪ್ರಸ್ತುತ ಲೇಖನದ ವಾದ.

ಮೊದಲಿಗೆ ಅಂಕಿತದ ಅರ್ಥವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ೧೩೦೦ರ ಶಾಸನದಿಂದ ಮೊದಲ್ಗೊಂಡು ಬೆಳ್ಳಿಯ ಪರಿಶುದ್ಧತೆಯನ್ನು ಪರೀಕ್ಷಿಸಿ ಮುದ್ರೆಯೊತ್ತುವ ವ್ಯವಸ್ಥೆ ಇತ್ತು. ಸಾವಿರಕ್ಕೆ ೯೨೫ ಪಾಲು ಬೆಳ್ಳಿ ಇರಬೇಕೆಂಬುದು ಅಲ್ಲಿನ ಪ್ರಮಾಣ. ಅಮೆರಿಕದ ವಸಾಹತುಗಳಲ್ಲಿ ಇಂತಹ ಪರೀಕ್ಷಾಲಯವಿರಲಿಲ್ಲ. ಬಾಲ್ಟಿಮೋರ್ ನಗರದಲ್ಲಿ ಮಾತ್ರ, ಅದೂ ಸ್ವಾತಂತ್ರ್ಯಾನಂತರ, ೧೮೧೪ರಿಂದ ೧೮೩೦ರವರೆಗೆ ಅಂಥದೊಂದು ಏರ್ಪಾಡು ನಡೆಯಿತು. ಹೀಗಾಗಿ ಕಸುಬಿನ ಯಜಮಾನನು ಒತ್ತುತ್ತಿದ್ದ ಗುರುತೇ ಗಿರಾಕಿಗೆ ಸಿಗುತ್ತಿದ್ದ ಭರವಸೆ. ಸ್ಪೇನಿನ ಬೆಳ್ಳಿ ನಾಣ್ಯವನ್ನೋ ಅಜ್ಜಿಯ ಕಾಲದ ಹಳೆಯ ಪಾತ್ರೆಯನ್ನೋ ಗಿರಾಕಿ ತಂದುಕೊಟ್ಟರೆ ಅದು ಮೂಸೆಯಲ್ಲಿ ಕರಗಿ ಹೊಸ ಪಾತ್ರೆಯಾಗುತ್ತಿತ್ತು; ಆ ನಡುವೆ ಲೋಹ ಕೆಡಲಿಲ್ಲವೆಂಬುದಕ್ಕೆ ಹೊಣೆ ಅಂಗಡಿಯದು. ಅಂದರೆ ಅಂಕಿತವು ಹೊಣೆಯ ಗುರುತು, ಕೈಯ ಗುರುತಲ್ಲ. ಈ ಎರಡರ ನಡುವಿನ ಅಂತರವನ್ನು ಮರೆತದ್ದರಿಂದಲೇ ಮುಂದಿನ ತೊಡಕುಗಳೆಲ್ಲ ಹುಟ್ಟಿದವು. (ಪ್ರಾಸಂಗಿಕವಾಗಿ ಒಂದು ಮಾತು: ಇವರಲ್ಲಿ ಬಹುಮಂದಿ ಮುಖ್ಯವಾಗಿ ಬೆಳ್ಳಿಯಲ್ಲೇ ಕೆಲಸ ಮಾಡಿದರೂ ತಮ್ಮನ್ನು ಚಿನ್ನದ ಕೆಲಸದವರೆಂದೇ ಕರೆದುಕೊಳ್ಳುತ್ತಿದ್ದರು. ಎರಡೂ ಲೋಹಗಳನ್ನು ಒಳಗೊಳ್ಳುವ ನಮ್ಮ ‘ಅಕ್ಕಸಾಲಿಗ’ ಶಬ್ದ ಇಲ್ಲಿ ಹೆಚ್ಚು ಸಮರ್ಪಕ.)

ಈ ಚರಿತ್ರೆ ಸಾಮಾನ್ಯವಾಗಿ ಬಾಸ್ಟನ್ನಿನ ಜಾನ್ ಹಲ್‌ನಿಂದ ಆರಂಭವಾಗುತ್ತದೆ. ಮ್ಯಾಸಚೂಸೆಟ್ಸ್ ವಸಾಹತು ೧೬೫೨ರಲ್ಲಿ ತನ್ನದೇ ಕಮ್ಮಟವನ್ನು ಸ್ಥಾಪಿಸಿ ಅದನ್ನು ಹಲ್‌ನಿಗೆ ವಹಿಸಿತು. ಅವನು ರಾಬರ್ಟ್ ಸ್ಯಾಂಡರ್ಸನ್‌ನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡ. ಪೈನ್ ಮರದ ಚಿತ್ರವಿರುವ ಅವರ ಶಿಲ್ಲಿಂಗ್ ನಾಣ್ಯಗಳು ಪ್ರಸಿದ್ಧವಾಗಿವೆ. ನಾಣ್ಯಗಳ ಮೇಲೆ ದಶಕಗಳವರೆಗೂ ೧೬೫೨ ಎಂಬ ಇಸವಿಯನ್ನೇ ಒತ್ತುತ್ತಾ ಬಂದದ್ದು, ಲೋಹದ ಮೇಲಿನ ಬರೆಹವನ್ನು ಇದ್ದಂತೆಯೇ ನಂಬಬಾರದೆಂಬುದಕ್ಕೆ ಒಳ್ಳೆಯ ನಿದರ್ಶನ. ಈ ಜೋಡಿಯ ಪಾತ್ರೆಗಳಲ್ಲಿ ಇಬ್ಬರ ಗುರುತುಗಳೂ ಅಕ್ಕಪಕ್ಕದಲ್ಲಿ ಕಾಣಸಿಗುತ್ತವೆ. ಆದರೂ ಬಹುಕಾಲ ಕೀರ್ತಿಯೆಲ್ಲ ಹಲ್‌ನಿಗೇ ಸಂದಿತು. ಅವನು ದಿನಚರಿ ಬರೆದಿಟ್ಟಿದ್ದ. ವ್ಯಾಪಾರದಿಂದ ಸಿರಿವಂತನಾಗಿ ವಸಾಹತಿನ ಖಜಾಂಚಿಯಾಗಿದ್ದ. ಆದರೆ ಹಲ್ ಬಾಸ್ಟನ್ನಿನಲ್ಲಿ ತನ್ನ ಮಲಸಹೋದರನಿಂದ ಕಸುಬು ಕಲಿತವನು. ಸ್ಯಾಂಡರ್ಸನ್ ಲಂಡನ್ನಿನಲ್ಲಿ ಶಿಷ್ಯವೃತ್ತಿಯನ್ನು ಕ್ರಮವಾಗಿ ಮುಗಿಸಿ ಬಂದವನು. ಕುಲುಮೆಯ ಮುಂದೆ ಯಾರ ಕೈ ಮೇಲಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಚರಿತ್ರೆ ಬರೆದಿಟ್ಟವನ ಪರವಾಯಿತು, ಬಡಿದವನ ಪರವಾಗಲಿಲ್ಲ.

ಪಾಲುದಾರರ ಸ್ಥಿತಿಯೇ ಹೀಗಾದರೆ ಶಿಷ್ಯರ ಮಾತೇನು? ಹಲ್ ೧೬೫೯ರಲ್ಲಿ ಎಂಟು ವರ್ಷಗಳ ಕರಾರಿನ ಮೇಲೆ ತೆಗೆದುಕೊಂಡ ಇಬ್ಬರು ಹುಡುಗರಲ್ಲಿ ಜೆರಮಾಯ ಡಮ್ಮರ್ ಮುಂದೆ ಹೆಸರಾಂತ ಅಕ್ಕಸಾಲಿಗನಾದ. ಜೊತೆಯವನಾದ ಸ್ಯಾಮ್ಯುಯಲ್ ಪ್ಯಾಡಿಗೆ ಆ ಭಾಗ್ಯವಿಲ್ಲ. ಇಬ್ಬರೂ ಗುರುವಿನ ಮನೆಯಲ್ಲಿದ್ದಷ್ಟು ವರ್ಷ ಮಾಡಿದ ಕೆಲಸವೆಲ್ಲ ಗುರುವಿನ ಅಂಕಿತದಲ್ಲೇ ಹೊರಬಂದಿರಬೇಕು. ಇನ್ನೂ ತೀಕ್ಷ್ಣವಾದ ನಿದರ್ಶನವೆಂದರೆ ಜಾನ್ ಕೋನಿಯದು. ೧೭೨೨ರಲ್ಲಿ ಅವನು ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ, ಅವನ ಬಳಿ ಕೆಲಸ ಕಲಿಯುತ್ತಿದ್ದ ಫ್ರೆಂಚ್ ಪ್ರಾಟೆಸ್ಟೆಂಟ್ ಹುಡುಗನೊಬ್ಬನ ಕರಾರಿನ ಉಳಿದ ಅವಧಿಗೂ ಬೆಲೆ ಕಟ್ಟಲಾಗಿದೆ. ಮನುಷ್ಯನೊಬ್ಬನ ಮುಂದಿನ ಕೆಲವು ವರ್ಷಗಳು ಆಸ್ತಿಯ ಬಾಬ್ತುಗಳಲ್ಲಿ ಒಂದಾಗಿ ದಾಖಲಾದ ಸಂದರ್ಭವಿದು. ಆ ಹುಡುಗನ ಹೆಸರು ಅಪೊಲೊಸ್ ರಿವೊಯರ್. ಮುಂದೆ ಅವನೇ ಹೆಸರನ್ನು ಪಾಲ್ ರೆವಿಯರ್ ಎಂದು ಬದಲಿಸಿಕೊಂಡ. ಅದೇ ಹೆಸರಿನ ಅವನ ಮಗ ಅಮೆರಿಕದ ಅಕ್ಕಸಾಲಿಗರಲ್ಲೆಲ್ಲ ಅತ್ಯಂತ ಖ್ಯಾತನಾದ.

ಮಗ ರೆವಿಯರ್‌ನನ್ನು (ಮರಣ ೧೮೧೮) ಕುರಿತು ತುಸು ನಿಂತು ನೋಡಬೇಕು. ಏಕೆಂದರೆ ಅಂಕಿತದ ಮೋಹ ಪರಾಕಾಷ್ಠೆಗೇರಿದ್ದು ಅವನಲ್ಲೇ. ಜಾನ್ ಸಿಂಗಲ್ಟನ್ ಕಾಪ್ಲಿ ೧೭೬೮ರಲ್ಲಿ ಬರೆದ ಅವನ ಭಾವಚಿತ್ರ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಅಂಗಿಯ ತೋಳಿನಲ್ಲಿ ಕುಳಿತಿರುವ ರೆವಿಯರ್, ಒಂದು ಕೈ ಗಲ್ಲಕ್ಕೆ, ಇನ್ನೊಂದು ಕೈಯಲ್ಲಿ ಕೆತ್ತನೆ ಇನ್ನೂ ಆಗದ ಚಹಾದ ಗಿಂಡಿ, ಮೇಜಿನ ಮೇಲೆ ಕೊರೆಯುವ ಉಳಿಗಳು. ಮೇಲುನೋಟಕ್ಕೆ ಇದು ಶ್ರಮಜೀವಿಯ ಚಿತ್ರ. ಆದರೆ ಮೇಜು ಕನ್ನಡಿಯಂತೆ ಹೊಳೆಯುತ್ತದೆ, ಅಂಗಿಯಲ್ಲಿ ಮಸಿಯಿಲ್ಲ, ಕುಲುಮೆಯಿಲ್ಲ, ಮತ್ತೊಬ್ಬ ಮನುಷ್ಯನಿಲ್ಲ. ಒಂದು ಗಿಂಡಿಯ ಹಿಂದೆ ಇರುವ ಕೆಲಸವನ್ನು ನೆನೆದರೆ ಈ ಏಕಾಂತ ಎಷ್ಟು ಕೃತಕವೆಂಬುದು ತಿಳಿದೀತು. ಎರಕ ಹೊಯ್ದ ಬೆಳ್ಳಿಯ ಗಟ್ಟಿಯನ್ನು ಬಡಿದು ತಗಡು ಮಾಡಬೇಕು. ಆ ತಗಡನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತುಸುತ್ತಾಗಿ ಸುತ್ತಿಗೆಯ ಪೆಟ್ಟು ಕೊಡುತ್ತ ಪಾತ್ರೆಯ ಮೈಯನ್ನು ಮೇಲೆಬ್ಬಿಸಬೇಕು. ಪೆಟ್ಟು ಬಿದ್ದಷ್ಟೂ ಬೆಳ್ಳಿ ಬಿರುಸಾಗುವುದರಿಂದ ನಡುನಡುವೆ ಕಾಯಿಸಿ ಮೆದುಗೊಳಿಸಬೇಕು, ಇಲ್ಲವಾದರೆ ಸೀಳುತ್ತದೆ. ಮೂತಿಯನ್ನೂ ಮುಚ್ಚಳದ ಗುಬುಟನ್ನೂ ಬೇರೆಯಾಗಿ ಎರಕ ಹೊಯ್ದು ಬೆಸೆಯಬೇಕು. ಕೈ ಸುಡದಂತೆ ಮರದ ಹಿಡಿಕೆ ಜೋಡಿಸಬೇಕು. ಕೆತ್ತನೆ, ಮೆರುಗು ಆಮೇಲಿನವು. ಬಡಿಯುವ ಬಲ, ಬೆಸೆಯುವ ಹದ, ಕೆತ್ತುವ ಸೂಕ್ಷ್ಮ ಇವು ಒಂದೇ ಕೈಯಲ್ಲಿ ಸಮನಾಗಿ ಕೂಡಿಬರುವುದು ಅಪರೂಪ. ಕಾಪ್ಲಿಯ ಚಿತ್ರ ಸುಳ್ಳು ಹೇಳುವುದಿಲ್ಲ. ಅಂಗಡಿಯನ್ನು ಚೌಕಟ್ಟಿನ ಹೊರಗಿಡುತ್ತದೆ, ಅಷ್ಟೆ.

ಚಿತ್ರ ಹೊರಗಿಟ್ಟದ್ದನ್ನು ದಿನವಹಿಗಳು ಒಳಗೆ ತರುತ್ತವೆ. ೧೭೬೧ರಿಂದ ೧೭೯೭ರವರೆಗಿನ ರೆವಿಯರ್‌ನ ಎರಡು ದಿನವಹಿ ಪುಸ್ತಕಗಳು ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಲೋಹದ ತೂಕಕ್ಕೆ ಬೇರೆ, ಮಾಡಿದ ಕೂಲಿಗೆ ಬೇರೆ, ಕೆತ್ತನೆಗೆ ಬೇರೆ ಎಂದು ಲೆಕ್ಕ ಹಾಕಿರುವ ಈ ಪುಟಗಳಲ್ಲಿ ಚಹಾದ ಗಿಂಡಿಗಳ ಜೊತೆಗೆ ಚಮಚ, ಬಕ್ಕಲು, ಗುಂಡಿಗಳಿವೆ. ೧೭೭೨ರಲ್ಲಿ ಒಬ್ಬರ ಸಾಕು ಅಳಿಲಿಗೆ ಮಾಡಿಕೊಟ್ಟ ಬೆಳ್ಳಿಯ ಸರಪಣಿಯೂ ಇದೆ. ಬೇರೆ ಅಕ್ಕಸಾಲಿಗರಿಗಾಗಿ ಮಾಡಿದ ಕೆಲಸವೂ ದಾಖಲಾಗಿದೆ. ಒಟ್ಟು ವಸ್ತುಗಳು ಐದು ಸಾವಿರಕ್ಕೂ ಹೆಚ್ಚು. ಬಹುಪಾಲು ಕ್ರಾಂತಿಯುದ್ಧದ ನಂತರದವು. ೧೭೮೫ರಲ್ಲಿ ತಗಡು ಒತ್ತುವ ಯಂತ್ರ ಬಂದ ಮೇಲೆ, ಬಡಿದು ಎಬ್ಬಿಸುತ್ತಿದ್ದ ಗಿಂಡಿಯನ್ನು ತಗಡು ಬಗ್ಗಿಸಿ ಬೆಸೆಯುವುದು ಸಾಧ್ಯವಾಯಿತು. ಅದೇ ಮನುಷ್ಯ ೧೭೯೨ರಲ್ಲಿ ಗಂಟೆಗಳ ಎರಕಕ್ಕೂ ೧೮೦೧ರಲ್ಲಿ ತಾಮ್ರದ ತಗಡಿನ ಕಾರ್ಖಾನೆಗೂ ಕೈಹಾಕಿದ. ಇಷ್ಟನ್ನು ಕಂಡ ಮೇಲೆಯೂ ‘ರೆವಿಯರ್’ ಎಂಬ ಅಂಕಿತವನ್ನು ಕವಿಯ ಸಹಿಯಂತೆ ಓದುವುದು ಹೇಗೆ?

ಕರ್ತೃತ್ವದ ತಕರಾರು ಆ ಕಾಲಕ್ಕೇ ಇತ್ತೆಂಬುದಕ್ಕೂ ರೆವಿಯರ್‌ನೇ ಸಾಕ್ಷಿ. ೧೭೭೦ರ ಬಾಸ್ಟನ್ ಹತ್ಯಾಕಾಂಡವನ್ನು ಕುರಿತ ಅವನ ಪ್ರಸಿದ್ಧ ತಾಮ್ರಫಲಕದ ಚಿತ್ರಕ್ಕೆ ಮೂಲ ವಿನ್ಯಾಸ ಹೆನ್ರಿ ಪೆಲ್‌ಹ್ಯಾಮ್‌ನದು. ತನ್ನ ಕೆಲಸವನ್ನು ಅಪಹರಿಸಲಾಯಿತೆಂದು ಪೆಲ್‌ಹ್ಯಾಮ್ ರೆವಿಯರ್‌ನಿಗೇ ಪತ್ರ ಬರೆದು ಆಕ್ಷೇಪಿಸಿದ. ಇವನು ಕಾಪ್ಲಿಯ ಮಲತಮ್ಮನೆಂಬುದು ಕುತೂಹಲಕರ. ಜನಮನದಲ್ಲಿ ಉಳಿದದ್ದು ಮಾತ್ರ ಚಿತ್ರದ ಅಡಿಯಲ್ಲಿ ಹೆಸರಿದ್ದವನೇ.

೧೭೬೮ರ ‘ಸನ್ಸ್ ಆಫ್ ಲಿಬರ್ಟಿ’ ಬಟ್ಟಲಿನಲ್ಲಿ ಇನ್ನೊಂದು ಬಗೆಯ ತೊಡಕಿದೆ. ಬ್ರಿಟಿಷ್ ಸರ್ಕಾರದ ಆಜ್ಞೆಗೆ ಮಣಿಯದ ೯೨ ಮಂದಿ ಶಾಸಕರ ಗೌರವಾರ್ಥ ಇದನ್ನು ಮಾಡಿಸಲಾಯಿತು. ಇಂಗ್ಲೆಂಡಿನ ಜಾನ್ ವಿಲ್ಕ್ಸ್‌ನ ಪತ್ರಿಕೆಯ ೪೫ನೆಯ ಸಂಚಿಕೆಯನ್ನು ನೆನಪಿಸುವಂತೆ ತೂಕವೂ ೪೫ ಔನ್ಸ್. ಬಟ್ಟಲಿನ ಅಂಚಿನ ಸುತ್ತ ಕೆತ್ತಿರುವುದು ಮಾಡಿಸಿದ ಹದಿನೈದು ಮಂದಿಯ ಹೆಸರುಗಳನ್ನು. ಆದರೆ ೧೯೪೯ರಲ್ಲಿ ಶಾಲಾಮಕ್ಕಳ ಕಾಸೂ ಸೇರಿದಂತೆ ಸಾರ್ವಜನಿಕರ ಚಂದಾದಿಂದ ಕೊಂಡು ಬಾಸ್ಟನ್ ಸಂಗ್ರಹಾಲಯಕ್ಕೆ ಸೇರಿಸಿದ ಈ ಬಟ್ಟಲು ಇಂದು ಲೋಕಕ್ಕೆ ರೆವಿಯರ್‌ನ ಬಟ್ಟಲೆಂದೇ ಪರಿಚಿತ. ನಮ್ಮ ಶಾಸನಗಳ ಭಾಷೆ ಈ ವಿಷಯದಲ್ಲಿ ಹೆಚ್ಚು ಖಚಿತವಾಗಿದೆ: ದಾನಿ ‘ಮಾಡಿಸಿದ’ವನು, ರೂವಾರಿ ‘ಮಾಡಿದ’ವನು. ಬೆಳ್ಳಿಯ ಅಂಕಿತಕ್ಕೆ ಕ್ರಿಯಾಪದವಿಲ್ಲ. ಯಜಮಾನನಾದ ಅಕ್ಕಸಾಲಿಗ ಕೆಲವೊಮ್ಮೆ ಮಾಡಿದವನು, ಅನೇಕವೇಳೆ ಮಾಡಿಸಿದವನು. ಗುರುತು ಎರಡಕ್ಕೂ ಒಂದೇ.

ಈ ಮೋಹ ಹೇಗೆ ಬೆಳೆಯಿತು? ಲಾಂಗ್‌ಫೆಲೊ ೧೮೬೦ರಲ್ಲಿ ರಚಿಸಿದ ಕವನ ರೆವಿಯರ್‌ನನ್ನು ರಾಷ್ಟ್ರೀಯ ಪುರಾಣಕ್ಕೆ ಸೇರಿಸಿತು. ಅಲ್ಲಿ ಅವನು ಸವಾರ, ಅಕ್ಕಸಾಲಿಗನಲ್ಲ. ೧೯೦೬ರಲ್ಲಿ ಬಾಸ್ಟನ್ ಸಂಗ್ರಹಾಲಯ ಅಮೆರಿಕದ ಹಳೆಯ ಬೆಳ್ಳಿಯ ಪ್ರದರ್ಶನವೊಂದನ್ನು ಏರ್ಪಡಿಸಿತು. ೧೯೧೩ರಲ್ಲಿ ಆಲ್ಫ್ರೆಡ್ ಜೋನ್ಸ್ ಚರ್ಚುಗಳ ಬೆಳ್ಳಿಯನ್ನು ಕುರಿತ ಬೃಹದ್‌ಗ್ರಂಥವನ್ನು ಪ್ರಕಟಿಸಿದರು. ಮನೆಯ ಬೆಳ್ಳಿ ಕರಗಿಹೋಗುತ್ತದೆ, ದೇವರ ಬೆಳ್ಳಿ ಉಳಿಯುತ್ತದೆ; ಆದ್ದರಿಂದ ಆ ಗ್ರಂಥದ ಉಪಯುಕ್ತತೆ ಇಂದಿಗೂ ಕುಗ್ಗಿಲ್ಲ. ೧೯೨೪ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಅಮೆರಿಕನ್ ವಿಭಾಗ ತೆರೆಯಿತು. ೧೯೩೦ರಲ್ಲಿ ಫ್ರಾನ್ಸಿಸ್ ಗಾರ್ವನ್ ತನ್ನ ಸಂಗ್ರಹವನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಹೊಸ ವಲಸೆಗಾರರು ಲಕ್ಷಗಟ್ಟಲೆ ಬರುತ್ತಿದ್ದ ಕಾಲದಲ್ಲಿ ಹಳೆಯ ಮನೆತನಗಳಿಗೆ ಪೂರ್ವಜರ ಕೈಕೆಲಸ ಬೇಕಾಗಿತ್ತು, ಕೈಗೆ ಹೆಸರು ಬೇಕಾಗಿತ್ತು. ಆ ಹೆಸರುಗಳಲ್ಲೊಂದು ವಲಸೆ ಬಂದ ಹುಡುಗನದೇ ಎಂಬ ವ್ಯಂಗ್ಯ ಯಾರನ್ನೂ ಬಾಧಿಸಿದಂತಿಲ್ಲ.

೧೯೮೦ರ ದಶಕದಿಂದ ದೃಷ್ಟಿ ಬದಲಾಯಿತು. ಬಾರ್ಬರಾ ವಾರ್ಡ್ ೧೯೮೩ರ ತಮ್ಮ ಮಹಾಪ್ರಬಂಧದಲ್ಲಿ ಬಾಸ್ಟನ್ನಿನ ಅಕ್ಕಸಾಲಿಗರನ್ನು ಒಂದು ಸಮಾಜವಾಗಿ ಅಧ್ಯಯನ ಮಾಡಿದರು; ಡೆಬೊರಾ ಫೆಡರ್‌ಹೆನ್ ೧೯೮೮ರಲ್ಲಿ ರೆವಿಯರ್‌ನ ಅಂಗಡಿಯ ವ್ಯವಹಾರವನ್ನು ದಿನವಹಿಗಳಿಂದ ಪುನರ್ರಚಿಸಿದರು. ೧೯೯೮ರಲ್ಲಿ ಪ್ಯಾಟ್ರಿಷಿಯಾ ಕೇನ್ ಹೊರತಂದ ಮ್ಯಾಸಚೂಸೆಟ್ಸ್ ಅಕ್ಕಸಾಲಿಗರ ಚರಿತ್ರಕೋಶ ಈ ಕ್ಷೇತ್ರದ ಮಹತ್ಸಾಧನೆ. ೨೦೦೧ರಲ್ಲಿ ಡೇವಿಡ್ ಬಾರ್ಕ್ವಿಸ್ಟ್ ನ್ಯೂಯಾರ್ಕಿನ ಯಹೂದಿ ಅಕ್ಕಸಾಲಿಗ ಮೈಯರ್ ಮೈಯರ್ಸ್‌ನನ್ನು ಕುರಿತು ನಡೆಸಿದ ಅಧ್ಯಯನವೂ ಅಂಕಿತದ ಹಿಂದಿರುವ ಅನೇಕ ಕೈಗಳನ್ನು ಹುಡುಕುತ್ತದೆ. ಈ ವಿದ್ವಾಂಸರ ಋಣ ದೊಡ್ಡದು. ಆದರೂ ಕೋಶದ ಕ್ರಮ ಹೆಸರುಗಳ ಅಕಾರಾದಿಯದೇ; ವಸ್ತುಗಳ ಪಟ್ಟಿ ಅಂಕಿತವಿದ್ದವನ ಕೆಳಗೇ ಬರುತ್ತದೆ. ಪೀಠಿಕೆಯಲ್ಲಿ ಒಪ್ಪಿಕೊಂಡ ಸತ್ಯ ಪಟ್ಟಿಯಲ್ಲಿ ಜಾರಿಹೋಗುತ್ತದೆ.

ಇದಕ್ಕೆ ವಿರುದ್ಧವಾದ ತುದಿಯೊಂದಿದೆ. ಅದರ ಪ್ರತಿಪಾದಕರೂ ಅದೇ ಬಾಸ್ಟನ್ ಸಂಗ್ರಹಾಲಯದಲ್ಲಿದ್ದರೆಂಬುದು ಕಾಕತಾಳೀಯ. ೧೯೧೭ರಿಂದ ೧೯೪೭ರವರೆಗೆ ಅಲ್ಲಿನ ಭಾರತೀಯ ಸಂಗ್ರಹವನ್ನು ನೋಡಿಕೊಂಡ ಆನಂದ ಕುಮಾರಸ್ವಾಮಿಯವರು, ೧೯೦೯ರ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಕೃತಿಯಿಂದ ಮೊದಲಾಗಿ, ಪರಂಪರೆಯ ಕುಶಲಕರ್ಮಿಗೆ ಹೆಸರಿನ ಹಂಬಲವಿಲ್ಲವೆಂಬ ಆದರ್ಶವನ್ನು ಪೋಷಿಸಿದರು. ಇದು ಉದಾತ್ತವಾದರೂ ಸಾಕ್ಷ್ಯಕ್ಕೆ ಪೂರ್ತಿ ನಿಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಮಲ್ಲಿತಮ್ಮನ ಹೆಸರಂತೂ ಅಮೃತಾಪುರದಿಂದ ಸೋಮನಾಥಪುರದವರೆಗೆ ಅರುವತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಕಾಣಸಿಗುತ್ತದೆ. ಇಷ್ಟು ದೀರ್ಘವಾದ ಅಂಕಿತದ ಹಿಂದೆ ಒಂದೇ ಜೋಡಿ ಕೈಗಳಿದ್ದವೆಂದು ನಂಬುವುದು ಸುಲಭವಲ್ಲ. ಹೆಸರನ್ನೇ ನೆಚ್ಚುವ ಅಮೆರಿಕದ ಸಂಗ್ರಾಹಕ, ಹೆಸರಿಲ್ಲದಿರುವುದನ್ನು ಕೊಂಡಾಡುವ ತತ್ತ್ವಜ್ಞ, ಇಬ್ಬರೂ ಅಂಗಡಿಯೊಳಗೆ ಇಣುಕುವುದಿಲ್ಲ. ಹೆಸರಿಲ್ಲದಿರುವುದು ಕೆಲವರಿಗೆ ವೈರಾಗ್ಯವಾಗಿದ್ದೀತು. ಕೆಲವರಿಗೆ ಅದು ಹೇರಿದ ಸ್ಥಿತಿ.

ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಈ ಎರಡನೆಯ ಸ್ಥಿತಿ ಕಣ್ಣಿಗೆ ಹೊಡೆಯುವಂತಿದೆ. ಅಲ್ಲಿನ ಅಕ್ಕಸಾಲಿಗ ಅಲೆಕ್ಸಾಂಡರ್ ಪೆಟ್ರಿ ೧೭೬೮ರಲ್ಲಿ, ಎಂದರೆ ಕಾಪ್ಲಿಯ ಚಿತ್ರದ ವರ್ಷದಲ್ಲೇ, ತೀರಿಕೊಂಡ. ಅವನ ಗುಲಾಮನಾಗಿದ್ದ ಅಬ್ರಹಾಂ ಎಂಬವನು ಬೆಳ್ಳಿಯ ಕೆಲಸ ಬಲ್ಲವನೆಂದು ಆಸ್ತಿಯ ದಾಖಲೆ ಹೇಳುತ್ತದೆ. ಅವನನ್ನು ಕೊಂಡವನು ಜೋನಾಥನ್ ಸರಾಜಿನ್, ಅದೇ ಊರಿನ ಮತ್ತೊಬ್ಬ ಅಕ್ಕಸಾಲಿಗ. ಕಸುಬು ಬಲ್ಲವನೇ ಕಸುಬುದಾರನನ್ನು ಕೊಂಡನೆಂದ ಮೇಲೆ ಆ ಕೈಯ ನೈಪುಣ್ಯಕ್ಕೆ ಬೇರೆ ಪ್ರಶಸ್ತಿ ಬೇಕಿಲ್ಲ. ಪೆಟ್ರಿಯ ಅಂಕಿತವಿರುವ ಪಾತ್ರೆಗಳು ಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ಅಬ್ರಹಾಂನ ಸುತ್ತಿಗೆಯ ಗುರುತು ಎಲ್ಲೆಲ್ಲಿದೆಯೆಂದು ಬೆಳ್ಳಿಯನ್ನು ಕೇಳಿ ಪ್ರಯೋಜನವಿಲ್ಲ. ಅವನು ಉಳಿದಿರುವುದು ಆಸ್ತಿಪಟ್ಟಿಯಲ್ಲಿ, ಬೆಲೆಯ ಎದುರಿಗೆ.

ಆಫ್ರಿಕನ್ ಮೂಲದ ಅಕ್ಕಸಾಲಿಗನೊಬ್ಬ ತನ್ನದೇ ಅಂಕಿತವನ್ನು ಒತ್ತಿದ ನಿದರ್ಶನವಾಗಿ ಆರಂಭಕಾಲದ ಅಮೆರಿಕದಲ್ಲಿ ಗುರುತಿಸಲಾಗಿರುವುದು ಪೀಟರ್ ಬೆಂಟ್‌ಜನ್‌ನದು. ಡೇನಿಷ್ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿ, ೧೭೯೯ರಲ್ಲಿ ಫಿಲಡೆಲ್ಫಿಯದಲ್ಲಿ ಶಿಷ್ಯವೃತ್ತಿಗೆ ಸೇರಿದ ಈ ಸ್ವತಂತ್ರ ನಾಗರಿಕ, ಮುಂದೆ ಆ ನಗರಕ್ಕೂ ಸೇಂಟ್ ಕ್ರೋಯ್ ದ್ವೀಪಕ್ಕೂ ನಡುವೆ ಹೋಗಿಬರುತ್ತ ಅಂಗಡಿ ನಡೆಸಿದ. ಅವನ ಹೆಸರು ಒತ್ತಿರುವ ವಸ್ತುಗಳು ಬೆರಳೆಣಿಕೆಯಷ್ಟು. ಅವನ ಅಂಗಡಿಯಲ್ಲೂ ಬೇರೆ ಕೈಗಳು ಇದ್ದಿರಬೇಕು.