ಮನೆಗೆ ಬಂದ ಕಾಗದ, ಬಯಲಲ್ಲಿ ನಿಂತ ಕಲ್ಲು

ಯುದ್ಧದಲ್ಲಿ ಮಡಿದವರ ಬಗ್ಗೆ ನಾವು ಇವತ್ತಿಗೂ ಬರೆಯುವುದು ವೀರಗಲ್ಲಿನ ಕ್ರಮದಲ್ಲೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಅವನ ಮನೆಯವರಿಗೆ ಈ ಮೂರರಲ್ಲಿ ಎಲ್ಲಿಯೂ ಜಾಗವಿಲ್ಲ. ಕಲ್ಲು ಬಿಟ್ಟದ್ದನ್ನು ಮನೆಗೆ ಬರೆದ ಕಾಗದ ತುಂಬಿಕೊಡಬಲ್ಲುದೆ? ಕೊಡಗಿನಲ್ಲಿ ಹುಟ್ಟಿದ ಇಬ್ಬರು ಪೈಲಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈ ಪ್ರಶ್ನೆ ಎದುರಾಯಿತು.

ಮೊದಲನೆಯವನು ವಿಲಿಯಂ ಲೀಫ್ ರಾಬಿನ್ಸನ್. 1895ರಲ್ಲಿ ಪಾಲಿಬೆಟ್ಟದ ಬಳಿಯ ಕಾಫಿ ತೋಟದಲ್ಲಿ ಹುಟ್ಟಿದವನು, ಬೆಂಗಳೂರು ದಂಡು ಪ್ರದೇಶದ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವನು. 1916ರ ಸೆಪ್ಟೆಂಬರ್ 2–3ರ ರಾತ್ರಿ ಲಂಡನ್ನಿನ ಉತ್ತರಕ್ಕಿರುವ ಕಫ್ಲಿ ಊರಿನ ಮೇಲೆ ಜರ್ಮನಿಯ ಎಸ್‌ಎಲ್ 11 ವಾಯುನೌಕೆಯನ್ನು ಒಬ್ಬನೇ ಉರುಳಿಸಿದ. ಲಕ್ಷಾಂತರ ಜನ ಅದು ಉರಿದು ಬೀಳುವುದನ್ನು ಕಣ್ಣಾರೆ ಕಂಡರು. ಎರಡೇ ದಿನದಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅವನ ಫೋಟೊ ಪೋಸ್ಟ್‌ಕಾರ್ಡುಗಳಾಗಿ ಬಿಕರಿಯಾಯಿತು. ವಾಯುನೌಕೆಯ ತಂತಿಯ ಚೂರುಗಳನ್ನು ರೆಡ್‌ಕ್ರಾಸ್ ಸಹಾಯಾರ್ಥ ಮಾರಿತು.

ಆ ವರ್ಷದ ಅಕ್ಟೋಬರಿನಲ್ಲಿ ಅವನು ಅಪ್ಪ ಅಮ್ಮನಿಗೆ ಬರೆದ ಕಾಗದ ಉಳಿದಿದೆ. ತಡವಾಗಿ ಬರೆದದ್ದಕ್ಕೆ ಸಂಕೋಚ, ತನ್ನ ಹೆಸರನ್ನು ಮಕ್ಕಳಿಗೆ, ಹೂಗಳಿಗೆ, ಹ್ಯಾಟುಗಳಿಗೆ ಇಡುತ್ತಿರುವುದರ ಬಗ್ಗೆ ನಗೆ, ಅಷ್ಟು ದೊಡ್ಡದು ಹೊತ್ತಿಕೊಂಡಾಗ ತನಗೆ ಹುಚ್ಚು ಸಂತೋಷವಾಯಿತೆಂಬ ನೇರ ಮಾತು. ಆ ಉರಿಯೊಳಗೆ ಹದಿನಾರು ಮಂದಿ ಇದ್ದರು, ಒಬ್ಬರೂ ಉಳಿಯಲಿಲ್ಲ. ಇದನ್ನು ನೆನಪಿಟ್ಟುಕೊಂಡೇ ಆ ಕಾಗದವನ್ನು ಓದಬೇಕು. ಓದಿದಾಗ ಸಿಗುವವನು ಮಹಾವೀರನಲ್ಲ; ಇಪ್ಪತ್ತೊಂದು ವರ್ಷದ, ಹೆದರಿಕೆ ಮತ್ತು ಹಿಗ್ಗು ಎರಡನ್ನೂ ಬಚ್ಚಿಡಲಾರದ ಹುಡುಗ. ಕಲ್ಲು ಅವನನ್ನು ಪ್ರಶ್ನೆಗಳಾಚೆ ನಿಲ್ಲಿಸುತ್ತದೆ. ಕಾಗದ ಪ್ರಶ್ನೆಗಳೆದುರು ತಂದು ಕೂರಿಸುತ್ತದೆ. ನನ್ನ ಪಾಲಿಗೆ ಎರಡನೆಯದೇ ಹೆಚ್ಚಿನ ಗೌರವ.

ಮುಂದಿನ ವರ್ಷ ಏಪ್ರಿಲಿನಲ್ಲಿ ಅವನು ಶತ್ರುಗಳ ಕೈಗೆ ಸಿಕ್ಕ. ಸೆರೆಶಿಬಿರಗಳಿಂದ ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ಯತ್ನಿಸಿ ಒಂಟಿಕೋಣೆಯ ಶಿಕ್ಷೆ ಉಂಡ. ಬಿಡುಗಡೆಯಾಗಿ ಬಂದವನನ್ನು 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾ ಕೊಂದಿತು. ಪತ್ರಿಕೆಯೊಂದರ ಓದುಗರ ಹಣದಿಂದ ಕಫ್ಲಿಯಲ್ಲಿ 1921ರಲ್ಲಿ ಎದ್ದ ಸ್ತಂಭ ಎತ್ತಿಹಿಡಿಯುವುದು ಆ ಒಂದು ರಾತ್ರಿಯನ್ನು.

ಎರಡನೆಯವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಹೊರಟದ್ದು ಬದಲಿ ಪೈಲಟ್ ಆಗಿ. ಅವರದ್ದು ಮಿಸ್ಟೇರ್, ಎದುರಾದದ್ದು ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಕಡತದಲ್ಲಿ ‘ಕಾಣೆಯಾದವರು’ ಎಂದಷ್ಟೇ ಉಳಿಯಿತು. ಬ್ರಿಟಿಷ್ ಪತ್ರಕರ್ತ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ, ಪಾಕಿಸ್ತಾನದ ಕಡೆಯಿಂದ ನೋಡಿದ ಪುಸ್ತಕದಿಂದ ಆ ಕಾಳಗದ ಸಂಗತಿ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ: ಒಬ್ಬನಿಗೆ ಎರಡು ದಿನ, ಇನ್ನೊಬ್ಬರಿಗೆ ಇಪ್ಪತ್ಮೂರು ವರ್ಷ.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಹಿಂದಿ ಚಿತ್ರ ಅವರ ಕತೆಯಿಂದಲೇ ಹುಟ್ಟಿದ್ದು. ಆದರೆ ಪಾತ್ರಕ್ಕೆ ಬೇರೆ ಹೆಸರು. ರಾಬಿನ್ಸನ್ ನಮಗೆ ಸಿಗುವುದು ಮಗನಾಗಿ, ತನ್ನದೇ ದನಿಯಲ್ಲಿ. ದೇವಯ್ಯ ಸಿಗುವುದು ಎದುರಾಳಿಯ ಸಾಕ್ಷ್ಯದಲ್ಲಿ, ಕಂಚಿನಲ್ಲಿ, ತೆರೆಯ ಮೇಲೆ. ಧೈರ್ಯವೇನೋ ಗೊತ್ತಾಯಿತು. ಮನುಷ್ಯ ಗೊತ್ತಾಗಲಿಲ್ಲ.

ಇದನ್ನು ಇಬ್ಬರ ಅದೃಷ್ಟದ ಮಾತು ಎಂದು ಬಿಟ್ಟುಬಿಡಲಾಗದು. ಬಿಷಪ್ ಕಾಟನ್ ಶಾಲೆಯಿಂದ ರೆಸಿಡೆನ್ಸಿ ರಸ್ತೆಯಲ್ಲಿ ಸ್ವಲ್ಪ ನಡೆದರೆ ಬ್ರಿಗೇಡ್ ರಸ್ತೆ ಕೂಡುವಲ್ಲಿ ಮೊದಲ ಮಹಾಯುದ್ಧದ ಸೈನಿಕರ ಸ್ಮಾರಕವಿದೆ. ರಾಬಿನ್ಸನ್‌ನ ಓರಗೆಯವರೇ ಅವರು. ಆ ಯುದ್ಧಕ್ಕೆ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳೂ ಮನೆಗೆ ಕಾಗದ ಬರೆದರು, ಬರಹ ಬಾರದವರು ಬರೆಸಿದರು. ಅವುಗಳಲ್ಲಿ ನಮಗೆ ಓದಲು ಸಿಗುವುದು ಬಹುಪಾಲು ಸೇನೆಯ ಸೆನ್ಸಾರ್ ಕಚೇರಿ ಆರಿಸಿ ಇಂಗ್ಲಿಷಿಗೆ ತಿರುಗಿಸಿಕೊಂಡ ತುಣುಕುಗಳು. ಒಬ್ಬನ ಕಾಗದ ತಾಯಿಗೆಂದು ಉಳಿಯಿತು. ಉಳಿದವರದ್ದು ಅನುಮಾನದ ಕಡತವಾಗಿ ಉಳಿಯಿತು.

ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಿಂದ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್‌ವರೆಗೆ ಇದು ಸೈನಿಕರ, ವಿಮಾನಗಳ ನಾಡು. ಇಂದಿರಾನಗರದಂಥ ಬಡಾವಣೆಗಳ ಅಟ್ಟದ ಟ್ರಂಕುಗಳಲ್ಲಿ 1962, 1965, 1971ರ ಇನ್‌ಲ್ಯಾಂಡ್ ಪತ್ರಗಳು ಇದ್ದೇ ಇರುತ್ತವೆ. ಅವನ್ನು ಅಚ್ಚಿಗೆ ತರುವಾಗ ನಮಗೊಂದು ಚಾಳಿಯಿದೆ: ದೇಶಕ್ಕಾಗಿ ಎಂಬ ಸಾಲನ್ನು ಉಳಿಸಿ, ತಂಗಿಯ ಫೀಸು, ಮನೆ ಬಾಡಿಗೆ, ಸಿಗದ ರಜೆ, ಹೊಟ್ಟೆನೋವು ಇವನ್ನೆಲ್ಲ ಕತ್ತರಿಸುವುದು. ಹಾಗೆ ಕತ್ತರಿಸಿದ ಕಾಗದ ಇನ್ನೊಂದು ವೀರಗಲ್ಲಷ್ಟೇ. ಮನೆಯವರು ಒಪ್ಪಿದರೆ ಪೂರ್ತಿ ಅಚ್ಚಾಗಲಿ. ಒಪ್ಪದಿದ್ದರೆ ಟ್ರಂಕಿನಲ್ಲೇ ಭದ್ರವಾಗಿರಲಿ. ಬಾಡಿಗೆಯ ಚಿಂತೆಯಿದ್ದವನೇ ಆ ಬೆಳಗ್ಗೆ ವಿಮಾನ ಹತ್ತಿದ ಎಂದು ತಿಳಿದಾಗಲೇ ಅವನು ಕಳೆದುಕೊಂಡದ್ದೇನು ಎಂಬುದು ಓದುವವರಿಗೆ ಮುಟ್ಟುತ್ತದೆ.